ಲಿಂಕನ್ ಕಾಗದಪತ್ರಗಳನ್ನು ಮನೆಯಲ್ಲೇ ಕೂತು ಓದುವುದು ಹೇಗೆ?

‘ಅಬ್ರಹಾಂ ಲಿಂಕನ್ ತನ್ನ ಮಗನ ಮೇಷ್ಟ್ರಿಗೆ ಬರೆದ ಪತ್ರ’ ನಿಮ್ಮ ವಾಟ್ಸಾಪಿಗೂ ಬಂದಿರಬೇಕು. ಸೆಪ್ಟೆಂಬರ್ 5 ಹತ್ತಿರ ಬಂದರೆ ಸಾಕು, ಒಬ್ಬರಲ್ಲ ಒಬ್ಬರು ಕಳಿಸುತ್ತಾರೆ. ಎಷ್ಟೋ ಶಾಲೆಗಳ ಗೋಡೆಯ ಮೇಲೂ ಅದು ಇದೆ. ಓದೋಕೆ ಚೆನ್ನಾಗಿದೆ ನಿಜ. ಆದರೆ ಲಿಂಕನ್ ಅದನ್ನು ಬರೆದರು ಅನ್ನುವುದಕ್ಕೆ ಒಂದು ಚೂರು ಪುರಾವೆಯೂ ಇಲ್ಲ.

ಇದನ್ನು ನೀವು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಲಿಂಕನ್ ಬಿಟ್ಟುಹೋದ ಕಾಗದಪತ್ರಗಳ ದೊಡ್ಡ ಪಾಲು ಇವತ್ತು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಹಾಳೆ ಹಾಳೆಯ ಫೋಟೋ ಇದೆ, ಅಕ್ಷರ ದೊಡ್ಡದು ಮಾಡಿ ನೋಡಬಹುದು. ದುಡ್ಡೂ ಬೇಡ, ಯೂನಿವರ್ಸಿಟಿ ಪತ್ರವೂ ಬೇಡ. ಇಂಗ್ಲಿಷ್ ಓದಲು ಬಂದರೆ, ಸ್ವಲ್ಪ ತಾಳ್ಮೆ ಇದ್ದರೆ ಆಯಿತು. ಎಲ್ಲಿಂದ ಶುರು ಮಾಡಬೇಕು, ಹೇಗೆ ಓದಬೇಕು, ಎಲ್ಲಿ ಎಡವುವ ಸಾಧ್ಯತೆ ಇದೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು: ಯಾವ ಕಾಗದ, ಯಾರ ಕಾಗದ

ಮುಖ್ಯ ಸಂಗ್ರಹ ಇರುವುದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಹೆಸರು ‘ಅಬ್ರಹಾಂ ಲಿಂಕನ್ ಪೇಪರ್ಸ್’. ಸುಮಾರು 40 ಸಾವಿರ ದಾಖಲೆಗಳಿವೆ. ಹೆಚ್ಚಿನವು 1850ರ ದಶಕದಿಂದ 1865ರವರೆಗಿನವು.

ಲಿಂಕನ್ ಕೊಲೆಯಾದದ್ದು 1865ರ ಏಪ್ರಿಲ್‌ನಲ್ಲಿ. ಆಗ ಅವರ ಕಾರ್ಯದರ್ಶಿಗಳಾಗಿದ್ದ ಜಾನ್ ನಿಕೊಲೆ ಮತ್ತು ಜಾನ್ ಹೇ ಕಾಗದಗಳನ್ನೆಲ್ಲ ಒಟ್ಟುಮಾಡಿ ಕಟ್ಟಿಟ್ಟರು. ಅವು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ನಿಗೆ, ಲಿಂಕನ್ನರ ಗೆಳೆಯ ನ್ಯಾಯಾಧೀಶ ಡೇವಿಡ್ ಡೇವಿಸ್ ಸುಪರ್ದಿಗೆ ಹೋದವು. ಆಮೇಲೆ ಅವುಗಳ ಒಡೆತನ ಹಿರಿಯ ಮಗ ರಾಬರ್ಟ್ ಲಿಂಕನ್ನರದ್ದು. ಈ ಮನುಷ್ಯ ಅಪ್ಪನ ಕಾಗದ ಯಾರಿಗೂ ಸುಲಭಕ್ಕೆ ತೋರಿಸಲಿಲ್ಲ. 1919ರಲ್ಲಿ ಲೈಬ್ರರಿಗೆ ಒಪ್ಪಿಸಿದರು, 1923ರಲ್ಲಿ ಬರೆದೂ ಕೊಟ್ಟರು. ಆದರೆ ಒಂದು ಷರತ್ತು: ತಾನು ಸತ್ತು 21 ವರ್ಷ ಆಗುವವರೆಗೆ ಯಾರೂ ತೆರೆಯಕೂಡದು. ಅವರು ತೀರಿಕೊಂಡದ್ದು 1926ರ ಜುಲೈ 26ಕ್ಕೆ. ಹಾಗಾಗಿ 1947ರ ಜುಲೈ 26, ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ಪೆಟ್ಟಿಗೆ ತೆರೆದರು. ಲಿಂಕನ್ ಬಗ್ಗೆ ಅಧ್ಯಯನ ಮಾಡುತ್ತಿದ್ದವರು ನಿದ್ದೆಗೆಟ್ಟು ಕಾದಿದ್ದರು. ಕೊಲೆಯ ಹಿಂದಿನ ಸಂಚಿನ ಗುಟ್ಟೇನಾದರೂ ಇರಬಹುದು ಅನ್ನುವ ಆಸೆ ಹಲವರಿಗೆ. ಅಂಥದ್ದೇನೂ ಸಿಗಲಿಲ್ಲ.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ. ಈ ಸಂಗ್ರಹದಲ್ಲಿ ಲಿಂಕನ್ ಬರೆದದ್ದಕ್ಕಿಂತ ಲಿಂಕನ್‌ಗೆ ಬಂದದ್ದೇ ಬಹಳ ಜಾಸ್ತಿ. ಸಹಜ ಅಲ್ವಾ? ನಾವು ಬರೆದ ಕಾಗದ ನಮ್ಮ ಮನೆಯಲ್ಲಿ ಉಳಿಯುವುದಿಲ್ಲ, ಯಾರಿಗೆ ಬರೆದೆವೋ ಅವರ ಮನೆ ಸೇರುತ್ತದೆ. ಲಿಂಕನ್ ಬಳಿ ಉಳಿದದ್ದು ಬಂದ ಟಪಾಲು, ತನ್ನ ಕರಡುಗಳು, ಕಳಿಸದೆ ಬಿಟ್ಟ ಕಾಗದಗಳು. ಕೆಲಸ ಕೊಡಿಸಿ ಅನ್ನುವವರು, ಮಗನಿಗೆ ಸೈನ್ಯದಿಂದ ರಜೆ ಕೊಡಿಸಿ ಅನ್ನುವವರು, ಬುದ್ಧಿ ಹೇಳುವವರು, ಬೈಯುವವರು ಎಲ್ಲರೂ ಇದ್ದಾರೆ. ಲಿಂಕನ್ನರ ನುಡಿಮುತ್ತು ಹುಡುಕಿಕೊಂಡು ಹೋದವರಿಗೆ ಇದರಿಂದ ನಿರಾಸೆ ಆಗುತ್ತದೆ. ಒಂದು ದೇಶ ತನ್ನ ಅಧ್ಯಕ್ಷನಿಗೆ ಏನೇನು ಬರೆಯುತ್ತಿತ್ತು ಅಂತ ನೋಡಲು ಹೋದವರಿಗೆ ಹಬ್ಬ.

ಒಳಗೆ ಹೋಗುವ ದಾರಿ

ಗೂಗಲ್‌ನಲ್ಲಿ ‘ಅಬ್ರಹಾಂ ಲಿಂಕನ್ ಪೇಪರ್ಸ್ ಲೈಬ್ರರಿ ಆಫ್ ಕಾಂಗ್ರೆಸ್’ ಅಂತ ಇಂಗ್ಲಿಷಿನಲ್ಲಿ ಹಾಕಿ. ಲೈಬ್ರರಿಯ ಸ್ವಂತ ವೆಬ್‌ಸೈಟಿನ ಪುಟವನ್ನೇ ತೆರೆಯಿರಿ, ಬೇರೆಯವರು ನಕಲು ಮಾಡಿ ಹಾಕಿದ್ದನ್ನಲ್ಲ. ಮೊಬೈಲಿನಲ್ಲೂ ತೆರೆಯುತ್ತದೆ, ಆದರೆ ಹಳೇ ಕೈಬರಹ ಓದಲು ಲ್ಯಾಪ್‌ಟಾಪೇ ವಾಸಿ.

ಸಂಗ್ರಹವನ್ನು ನಾಲ್ಕು ಸರಣಿಗಳಾಗಿ ಹಂಚಿದ್ದಾರೆ. ಮೊದಲ ಮೂರೂ ಪತ್ರವ್ಯವಹಾರ. ಮಾಲೆಲ್ಲ ಇರುವುದು ಒಂದನೇ ಸರಣಿಯಲ್ಲಿ. ನಾಲ್ಕನೆಯದು ಆಮೇಲೆ ಸೇರಿಸಿದ ಚಿಲ್ಲರೆಪಲ್ಲರೆ. ಶುರುವಿನಲ್ಲಿ ಸರಣಿಗಳ ತಲೆಬಿಸಿ ಬೇಡ, ಒಂದನೆಯದರಲ್ಲೇ ಇರಿ.

ಪ್ರತಿ ದಾಖಲೆಯ ಶೀರ್ಷಿಕೆ ಒಂದೇ ಮಾದರಿಯಲ್ಲಿರುತ್ತದೆ. ಯಾರು ಯಾರಿಗೆ ಬರೆದದ್ದು, ವಾರ, ತಾರೀಖು, ಕೊನೆಗೆ ವಿಷಯದ ಬಗ್ಗೆ ಎರಡು ಮೂರು ಪದ. ಇದು ಗೊತ್ತಿದ್ದರೆ ಹುಡುಕುವುದು ಸಲೀಸು. ವ್ಯಕ್ತಿಯ ಹೆಸರು ಹಾಕಿ, ಪಕ್ಕದಲ್ಲಿರುವ ಫಿಲ್ಟರ್‌ನಿಂದ ವರ್ಷಕ್ಕೆ ಇಳಿಸಿ. ‘ಗುಲಾಮಗಿರಿ’, ‘ಯುದ್ಧ’ ಥರದ ದೊಡ್ಡ ಪದ ಹಾಕಿದರೆ ಏನೇನೋ ಬಂದು ಬೀಳುತ್ತದೆ, ಉಪಯೋಗವಿಲ್ಲ.

ದಾಖಲೆ ತೆರೆದಾಗ ಫೋಟೋ ಜೊತೆಗೆ ಟೈಪ್ ಮಾಡಿದ ಪಠ್ಯ ಇದೆಯಾ ನೋಡಿ. ಇಲಿನಾಯ್‌ನ ಗೇಲ್ಸ್‌ಬರ್ಗ್‌ನಲ್ಲಿರುವ ನಾಕ್ಸ್ ಕಾಲೇಜಿನ ಲಿಂಕನ್ ಅಧ್ಯಯನ ಕೇಂದ್ರದವರು ಸಾವಿರಾರು ಪತ್ರಗಳನ್ನು ಓದಿ, ಟೈಪ್ ಮಾಡಿ, ಯಾರು ಏನು ಅಂತ ಟಿಪ್ಪಣಿ ಬೇರೆ ಬರೆದಿದ್ದಾರೆ. ಹೊಸಬರಿಗೆ ನನ್ನ ಸಲಹೆ: ಮೊದಮೊದಲು ಟಿಪ್ಪಣಿ ಇರುವ ಪತ್ರಗಳನ್ನೇ ಆರಿಸಿಕೊಳ್ಳಿ. ಒಂದು ಸಾಲು ಫೋಟೋದಲ್ಲಿ, ಒಂದು ಸಾಲು ಟೈಪಿನಲ್ಲಿ, ಹೀಗೆ ಹೋದರೆ ಹತ್ತು ಪತ್ರ ಮುಗಿಯುವಷ್ಟರಲ್ಲಿ ಕಣ್ಣು ಪಳಗುತ್ತದೆ.

ತಾರೀಖು ಹಿಡಿದು ಓದಿ

ನನ್ನ ಕೇಳಿದರೆ ಇದೇ ಅಸಲು ಹೆಜ್ಜೆ. ವಿಷಯ ಹಿಡಿದು ಹುಡುಕಬೇಡಿ. ಒಂದು ವಾರ ಆರಿಸಿಕೊಂಡು ಆ ವಾರದ ಟಪಾಲನ್ನು ಸಾಲಾಗಿ ಓದಿ. ಉದಾಹರಣೆಗೆ 1864ರ ಆಗಸ್ಟ್ ಕೊನೆ.

ಸಂದರ್ಭ ಇಷ್ಟು. ಅಮೆರಿಕದ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧ ಶುರುವಾಗಿ ಮೂರು ವರ್ಷ ದಾಟಿದೆ. ಸಾವು ನೋವು ಲೆಕ್ಕವಿಲ್ಲ. ನವೆಂಬರ್‌ನಲ್ಲಿ ಚುನಾವಣೆ. ಆಗಸ್ಟ್ 22ಕ್ಕೆ ಹೆನ್ರಿ ರೇಮಂಡ್ ಅನ್ನುವವರ ಪತ್ರ ಸಿಗುತ್ತದೆ. ಇವರು ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕರು, ಜೊತೆಗೆ ಲಿಂಕನ್ನರ ಪಕ್ಷದ ರಾಷ್ಟ್ರೀಯ ಸಮಿತಿಯ ಮುಖ್ಯಸ್ಥರು. ಅಂದರೆ ಸ್ವಂತ ಪಾಳಯದ ಮನುಷ್ಯ. ಗಾಳಿ ನಮಗೆ ಜೋರಾಗಿ ಎದುರು ಬೀಸುತ್ತಿದೆ ಅಂತ ಅವರು ಬರೆಯುತ್ತಾರೆ. ಇಲಿನಾಯ್ ಹೋಯಿತು, ಪೆನ್ಸಿಲ್ವೇನಿಯಾ ನಮ್ಮ ಕಡೆ ಇಲ್ಲ, ಇಂಡಿಯಾನಾ ಉಳಿಸಿಕೊಳ್ಳಲು ಜೀವ ಒತ್ತೆ ಇಡಬೇಕು. ಕೊನೆಗೆ ಒಂದು ಸಲಹೆ: ದಕ್ಷಿಣದವರ ನಾಯಕ ಜೆಫರ್ಸನ್ ಡೇವಿಸ್ ಜೊತೆ ಶಾಂತಿ ಮಾತುಕತೆಗೆ ಯಾರನ್ನಾದರೂ ಕಳಿಸಿ, ಸಂವಿಧಾನವನ್ನು ಒಪ್ಪಿಕೊಂಡರೆ ಸಾಕು ಅನ್ನಿ. ಗುಲಾಮಗಿರಿಯ ಮಾತು ಆ ಷರತ್ತಿನಲ್ಲಿ ಇಲ್ಲ.

ಈಗ ಆಗಸ್ಟ್ 23ಕ್ಕೆ ಬನ್ನಿ. ಲಿಂಕನ್ ಕೈಬರಹದ ಒಂದು ಚಿಕ್ಕ ಚೀಟಿ. ಕೆಲವೇ ಸಾಲು. ಈ ಸರ್ಕಾರ ಮತ್ತೆ ಆರಿಸಿ ಬರುವುದಿಲ್ಲ ಅಂತಲೇ ಕಾಣುತ್ತದೆ. ಹಾಗಾದರೆ ಗೆದ್ದವರ ಜೊತೆ ಸೇರಿ, ಅವರು ಅಧಿಕಾರ ಹಿಡಿಯುವಷ್ಟರಲ್ಲಿ ದೇಶದ ಒಗ್ಗಟ್ಟು ಉಳಿಸುವುದು ನನ್ನ ಕರ್ತವ್ಯ. ಆಮೇಲೆ ಅದು ಅವರಿಂದ ಆಗದ ಮಾತು. ಇಷ್ಟೇ.

ಓದಿ ಮುಂದೆ ಹೋಗಬೇಡಿ. ಅದೇ ದಾಖಲೆಯ ಮುಂದಿನ ಚಿತ್ರ, ಅಂದರೆ ಹಾಳೆಯ ಹಿಂಬದಿ ತೆರೆಯಿರಿ. ಅಲ್ಲಿ ಮಂತ್ರಿಗಳ ಸಹಿಗಳಿವೆ. ಸಿವರ್ಡ್, ಸ್ಟ್ಯಾಂಟನ್, ವೆಲ್ಸ್, ಬೇಟ್ಸ್, ಬ್ಲೇರ್, ಫೆಸೆಂಡನ್, ಅಶರ್, ಒಟ್ಟು ಏಳು ಮಂದಿ. ಒಳಗೆ ಏನಿದೆ ಅಂತ ಅವರಲ್ಲಿ ಒಬ್ಬರಿಗೂ ತೋರಿಸಿರಲಿಲ್ಲ. ಲಿಂಕನ್ ಹಾಳೆ ಮಡಿಸಿ ಅಂಟಿಸಿ, ಹಿಂದೆ ಸಹಿ ಹಾಕಿ ಅಂದರು, ಹಾಕಿದರು. ಟೈಪ್ ಮಾಡಿದ ಪಠ್ಯವನ್ನಷ್ಟೇ ಓದಿದ್ದರೆ ಇದು ಒಂದು ಸಾಧಾರಣ ಟಿಪ್ಪಣಿ. ಮಡಿಕೆಯ ಗುರುತು, ಹಿಂದಿನ ಸಹಿಗಳನ್ನು ನೋಡಿದ ಮೇಲೆಯೇ ಆ ದಿನ ಸಭೆಯಲ್ಲಿ ಏನು ನಡೆಯಿತು ಅನ್ನುವುದು ಕಣ್ಣಿಗೆ ಕಟ್ಟುವುದು.

ಆಗಸ್ಟ್ 24ಕ್ಕೆ ಇನ್ನೊಂದು ಹಾಳೆ. ರೇಮಂಡ್ ಹೇಳಿದಂತೆಯೇ, ಡೇವಿಸ್ ಜೊತೆ ಮಾತಾಡಲು ರೇಮಂಡ್‌ಗೇ ಅಧಿಕಾರ ಕೊಡುವ ಕರಡು. ಲಿಂಕನ್ ಬರೆದರು, ಆದರೆ ಅದನ್ನು ಬಳಸಲೇ ಇಲ್ಲ. ಮರುದಿನ ರೇಮಂಡ್ ಜೊತೆ ಮುಖಾಮುಖಿ ಕೂತು ಮಾತಾಡಿದ ಮೇಲೆ ಆ ಯೋಚನೆ ಅಲ್ಲಿಗೇ ನಿಂತಿತು. ಸೆಪ್ಟೆಂಬರ್ ಶುರುವಿಗೆ ಅಟ್ಲಾಂಟಾ ಉತ್ತರದವರ ಕೈವಶವಾಯಿತು, ನವೆಂಬರ್ 8ಕ್ಕೆ ಲಿಂಕನ್ ಗೆದ್ದರು, 11ನೇ ತಾರೀಖಿನ ಸಭೆಯಲ್ಲಿ ಆ ಚೀಟಿಯನ್ನು ಹರಿಯದ ಹಾಗೆ ಬಿಡಿಸು ಅಂತ ಜಾನ್ ಹೇ ಕೈಗೆ ಕೊಟ್ಟು ಎಲ್ಲರೆದುರು ಓದಿದರು.

ಮೂರು ದಿನ, ಮೂರು ಹಾಳೆ. ಮುಂದೆ ಗೆಲ್ಲುತ್ತಾರೆ ಅಂತ ನಮಗೆ ಗೊತ್ತು, ಆ ಹಾಳೆ ಬರೆದವರಿಗೆ ಗೊತ್ತಿರಲಿಲ್ಲ. ವಿಷಯದ ಪದ ಹಾಕಿ ಹುಡುಕಿದ್ದರೆ ಈ ಮೂರೂ ಒಟ್ಟಿಗೆ ಸಿಗುತ್ತಿರಲಿಲ್ಲ.

ಕೈಬರಹದ ತೊಡಕು

ಲಿಂಕನ್ ಅಕ್ಷರ ಬಿಡಿಬಿಡಿಯಾಗಿ, ಅಚ್ಚುಕಟ್ಟಾಗಿದೆ. ತೊಂದರೆ ಇರುವುದು ಅವರಿಗೆ ಬರೆದವರದ್ದು. ಕೆಲವು ಗುರುತು ಮೊದಲೇ ತಿಳಿದಿದ್ದರೆ ಅರ್ಧ ಕಷ್ಟ ಕಮ್ಮಿ.

ವಯಸ್ಸಾದವರ ಬರಹದಲ್ಲಿ ಎರಡು ‘ಎಸ್’ ಒಟ್ಟಿಗೆ ಬಂದರೆ ಮೊದಲನೆಯದು ಉದ್ದಕ್ಕೆ ಎಳೆದ ‘ಎಫ್’ ಥರ ಕಾಣುತ್ತದೆ. ‘ಇನ್‌ಸ್ಟ್’ ಅಂತ ಚುಟುಕಾಗಿ ಬರೆದಿದ್ದರೆ ಇದೇ ತಿಂಗಳು, ‘ಅಲ್ಟ್’ ಅಂದರೆ ಹೋದ ತಿಂಗಳು. ‘ನಿಮ್ಮ ಹದಿನೈದನೇ ತಾರೀಖಿನ ಪತ್ರ ತಲುಪಿತು’ ಅನ್ನುವ ಕಡೆಯೆಲ್ಲ ಇವು ಬರುತ್ತವೆ. ಗಮನಿಸದಿದ್ದರೆ ಒಂದು ತಿಂಗಳು ಹಿಂದೆ ಮುಂದೆ ಆಗಿಬಿಡುತ್ತದೆ. ಕೊನೆಯಲ್ಲಿ ಬರುವ ಗೊಜಲು ಗೊಜಲು ಸಾಲು ಹೆಚ್ಚಾಗಿ ‘ನಿಮ್ಮ ವಿಧೇಯ ಸೇವಕ’ ಅನ್ನುವುದರ ಚುಟುಕು. ಅದರಲ್ಲಿ ಗುಟ್ಟೇನೂ ಇಲ್ಲ, ಸುಮ್ನೆ ದಾಟಿ ಹೋಗಿ.

ಪತ್ರದ ಹಿಂಬದಿಯಲ್ಲಿ ಅಡ್ಡಕ್ಕೆ ಒಂದು ಹೆಸರು, ತಾರೀಖು, ಒಂದು ಸಾಲು ಕಂಡರೆ ಅದು ಗುಮಾಸ್ತರು ಮಡಿಸಿ ಇಡುವಾಗ ಬರೆದುಕೊಂಡ ಗುರುತು. ಲಿಂಕನ್‌ಗೆ ಬಂದ ಟಪಾಲು ಮೊದಲು ಒಡೆಯುತ್ತಿದ್ದವರು ಅವರ ಕಾರ್ಯದರ್ಶಿಗಳು. ಎಲ್ಲವೂ ಅಧ್ಯಕ್ಷರ ಮೇಜಿಗೆ ಹೋಗುತ್ತಿರಲಿಲ್ಲ. ಆದ್ದರಿಂದ ಸಂಗ್ರಹದಲ್ಲಿ ಪತ್ರ ಇದೆ ಅಂದ ಮಾತ್ರಕ್ಕೆ ಲಿಂಕನ್ ಅದನ್ನು ಓದಿದ್ದರು ಅಂತ ತೀರ್ಮಾನಿಸಬೇಡಿ. ಅವರ ಕೈಬರಹದ ಷರಾ ಇದ್ದರೆ ಮಾತು ಬೇರೆ. ಸಹಿ ಗುರುತಿಸುವುದು ಸುಲಭ: ಪತ್ರಗಳಿಗೆ ‘ಎ. ಲಿಂಕನ್’, ಸರ್ಕಾರಿ ಆದೇಶಗಳಿಗೆ ಪೂರ್ತಿ ‘ಅಬ್ರಹಾಂ ಲಿಂಕನ್’.

ಓದಲು ಆಗದ ಪದ ಬಂದರೆ ಊಹೆ ಮಾಡಿ ತುಂಬಬೇಡಿ. ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಅದೇ ಬರಹಗಾರ ಇನ್ನೊಂದು ಕಡೆ ಅದೇ ಅಕ್ಷರ ಬರೆದಿರುತ್ತಾನೆ, ಆಗ ತಿಳಿಯುತ್ತದೆ.

ಕಳಿಸಿದ್ದೋ, ಬರೀ ಬರೆದದ್ದೋ?

1863ರ ಜುಲೈ 14ರ ಒಂದು ಪತ್ರ ಇದೆ, ಉತ್ತರದವರ ಸೇನಾಪತಿ ಜನರಲ್ ಮೀಡ್ ಅವರಿಗೆ. ಆ ತಿಂಗಳ ಮೊದಲ ಮೂರು ದಿನ ಗೆಟಿಸ್‌ಬರ್ಗ್‌ನಲ್ಲಿ ಮೀಡ್ ಗೆದ್ದಿದ್ದರು. ಆದರೆ ಸೋತ ದಕ್ಷಿಣದವರ ಜನರಲ್ ಲೀ ಪಡೆಯನ್ನು ಅಟ್ಟಿಸಿಕೊಂಡು ಹೋಗಿ ಮುಗಿಸಲಿಲ್ಲ, ಅವರು ಪೊಟೊಮ್ಯಾಕ್ ಹೊಳೆ ದಾಟಿ ತಪ್ಪಿಸಿಕೊಂಡರು. ಬಂಗಾರದಂಥ ಅವಕಾಶ ಕೈತಪ್ಪಿತು, ಅದಕ್ಕಾಗಿ ಹೇಳತೀರದಷ್ಟು ಸಂಕಟಪಡುತ್ತಿದ್ದೇನೆ ಅಂತ ಲಿಂಕನ್ ಬರೆಯುತ್ತಾರೆ. ಇದನ್ನು ಓದಿದವರು ಅಧ್ಯಕ್ಷರು ಮೀಡ್‌ಗೆ ಹೀಗೆ ಬೈದರು ಅಂತ ಬರೆದುಬಿಡಬಹುದು. ಲಕೋಟೆ ನೋಡಿ. ಅದರ ಮೇಲೆ ಲಿಂಕನ್ ಕೈಯಲ್ಲೇ ಇದೆ: ಜನರಲ್ ಮೀಡ್‌ಗೆ, ಕಳಿಸಿಲ್ಲ, ಸಹಿ ಮಾಡಿಲ್ಲ.

ಅದಕ್ಕೇ ಪ್ರತಿ ದಾಖಲೆಗೂ ಮೂರು ಪ್ರಶ್ನೆ ಕೇಳಿ. ಇದು ಮೂಲವೋ, ಕರಡೋ, ನಕಲೋ? ಸಹಿ ಇದೆಯಾ? ತಲುಪಬೇಕಾದವರಿಗೆ ತಲುಪಿತಾ? ಶೀರ್ಷಿಕೆಯ ಕೊನೆಯಲ್ಲೇ ಎಷ್ಟೋ ಸಲ ಕರಡು, ಪ್ರತಿ ಅಂತ ಹಾಕಿರುತ್ತಾರೆ.

ಕರಡಿನ ಸೊಗಸು ನೋಡಬೇಕಾದರೆ ಗೆಟಿಸ್‌ಬರ್ಗ್ ಭಾಷಣದ್ದೇ ನೋಡಿ. 1863ರ ನವೆಂಬರ್ 19ರ ಆ ಪುಟ್ಟ ಭಾಷಣಕ್ಕೆ ಲಿಂಕನ್ ಕೈಬರಹದ ಐದು ಪ್ರತಿ ಉಳಿದಿವೆ. ಎರಡು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, ಒಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಒಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಒಂದು ಶ್ವೇತಭವನದಲ್ಲಿ. ನಿಕೊಲೆ ಪ್ರತಿ ಅನ್ನುವುದನ್ನು ದೊಡ್ಡದು ಮಾಡಿ ನೋಡಿ. ಮೊದಲ ಹಾಳೆ ಶಾಯಿಯಲ್ಲಿದೆ, ಅಧ್ಯಕ್ಷರ ನಿವಾಸದ ಮುದ್ರಿತ ಕಾಗದದ ಮೇಲೆ. ಎರಡನೆಯದು ಗೆರೆ ಇರುವ ಬೇರೆ ಕಾಗದ, ಪೂರ್ತಿ ಪೆನ್ಸಿಲು. ಮೊದಲ ಹಾಳೆಯ ಕೊನೇ ಸಾಲಿನಲ್ಲಿ ಎರಡು ಮೂರು ಪದ ಹೊಡೆದುಹಾಕಿ, ಮೇಲೆ ಪೆನ್ಸಿಲಿನಲ್ಲಿ ಬೇರೆ ಪದ ತೂರಿಸಿದ್ದಾರೆ. ‘ಡೆಡಿಕೇಟೆಡ್’ ಅನ್ನುವ ಪದ ಅಲ್ಲಿ ಮುರಿದು, ಉಳಿದ ಅರ್ಧ ಮುಂದಿನ ಹಾಳೆಗೆ ಹೋಗಿದೆ. ವ್ಯಾಕರಣವೂ ಸರಿ ಕೂತಿಲ್ಲ. ಹಾಳೆ ಬದಲಾಯಿಸಿ ತೇಪೆ ಹಾಕಿದ ಜಾಗ ಅದು. ನಾವು ಪಠ್ಯಪುಸ್ತಕದಲ್ಲಿ ಓದುವ ‘ದೇವರ ಅಡಿಯಲ್ಲಿ’ ಅನ್ನುವ ಮಾತು ಲೈಬ್ರರಿಯ ಎರಡೂ ಪ್ರತಿಗಳಲ್ಲಿ ಇಲ್ಲ, ಬೇರೆ ಮೂರರಲ್ಲಿ ಇದೆ.

ಇಲ್ಲಿ ಇಲ್ಲದ್ದು ಎಲ್ಲಿ?

ಒಂದೇ ದಾಖಲೆಯ ಸಂಸಾರ ಹೇಗೆ ಚೆದುರುತ್ತದೆ ಅನ್ನುವುದಕ್ಕೆ ವಿಮೋಚನಾ ಘೋಷಣೆ, ಅಂದರೆ ದಂಗೆಯೆದ್ದ ದಕ್ಷಿಣದ ಗುಲಾಮರಿಗೆ ಬಿಡುಗಡೆ ಸಾರಿದ ಆದೇಶ, ನೋಡಿ. 1862ರ ಜುಲೈ 22ಕ್ಕೆ ಮಂತ್ರಿಗಳಿಗೆ ಓದಿ ಹೇಳಿದ ಮೊದಲ ಕರಡು ಲೈಬ್ರರಿ ಆಫ್ ಕಾಂಗ್ರೆಸ್‌ನ ಇದೇ ಸಂಗ್ರಹದಲ್ಲಿದೆ. ಅದೇ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಪ್ರಾಥಮಿಕ ಘೋಷಣೆಯ ಕೈಬರಹದ ಪ್ರತಿ ನ್ಯೂಯಾರ್ಕ್ ರಾಜ್ಯ ಗ್ರಂಥಾಲಯದಲ್ಲಿ. 1863ರ ಜನವರಿ 1ರ ಸಹಿ ಮಾಡಿದ ಅಧಿಕೃತ ಪ್ರತಿ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಆ ಅಂತಿಮ ಘೋಷಣೆಯ ಲಿಂಕನ್ ಕೈಬರಹದ ಹಾಳೆಗಳು ಮಾತ್ರ 1871ರ ಶಿಕಾಗೊ ಬೆಂಕಿಯಲ್ಲಿ ಸುಟ್ಟುಹೋದವು.

ಗಡ್ಡ ಬಿಡಿ ಚೆನ್ನಾಗಿ ಕಾಣುತ್ತೀರಿ ಅಂತ 1860ರಲ್ಲಿ ಲಿಂಕನ್‌ಗೆ ಬರೆದ ಹನ್ನೊಂದು ವರ್ಷದ ಗ್ರೇಸ್ ಬೆಡೆಲ್ ಪತ್ರವನ್ನು ಇಲ್ಲಿ ಹುಡುಕಿ ಸುಸ್ತಾಗಬೇಡಿ, ಅದು ಇರುವುದು ಡೆಟ್ರಾಯಿಟ್ ಸಾರ್ವಜನಿಕ ಗ್ರಂಥಾಲಯದಲ್ಲಿ.

ಲಿಂಕನ್ ಬರೆದದ್ದೆಲ್ಲ ಒಂದೇ ಕಡೆ ಬೇಕಾದರೆ ರಾಯ್ ಬ್ಯಾಸ್ಲರ್ ಸಂಪಾದಿಸಿದ ಸಮಗ್ರ ಬರಹಗಳ ಸಂಪುಟಗಳಿವೆ. 1953ರಿಂದ ಅಚ್ಚಾದವು, ಎಂಟು ಸಂಪುಟ. ಮಿಷಿಗನ್ ವಿಶ್ವವಿದ್ಯಾಲಯದವರು ಪೂರ್ತಿ ಆನ್‌ಲೈನ್ ಹಾಕಿದ್ದಾರೆ, ಪದ ಕೊಟ್ಟು ಹುಡುಕಬಹುದು. ಎರಡೂ ಕಿಟಕಿ ಪಕ್ಕಪಕ್ಕ ತೆರೆದಿಡಿ: ಒಂದರಲ್ಲಿ ಬಂದ ಪತ್ರ, ಇನ್ನೊಂದರಲ್ಲಿ ಲಿಂಕನ್ ಕೊಟ್ಟ ಉತ್ತರ. ವಕೀಲಿಕೆ ಬಗ್ಗೆ ಕುತೂಹಲ ಇರುವವರಿಗೆ ಅವರ 5 ಸಾವಿರಕ್ಕೂ ಹೆಚ್ಚು ಮೊಕದ್ದಮೆಗಳ ಪ್ರತ್ಯೇಕ ಸಂಗ್ರಹವೂ ಆನ್‌ಲೈನ್‌ನಲ್ಲಿದೆ.

ವಾಟ್ಸಾಪ್ ಪತ್ರ ಪರೀಕ್ಷೆ

ಈಗ ಆ ಮೇಷ್ಟ್ರ ಪತ್ರಕ್ಕೆ ಬರೋಣ. ತಾರೀಖು ಇದೆಯಾ? ಇಲ್ಲ. ಯಾವ ಮೇಷ್ಟ್ರು, ಯಾವ ಊರು? ಹೆಸರಿಲ್ಲ. ಕೈಬರಹದ ಫೋಟೋ ಯಾರಾದರೂ ತೋರಿಸಿದ್ದಾರಾ? ಇಲ್ಲ. ಬ್ಯಾಸ್ಲರ್ ಸಂಪುಟಗಳಲ್ಲಿ ಅದರ ಒಂದು ವಾಕ್ಯ ಹಾಕಿ ಹುಡುಕಿ. ಸಿಗುವುದಿಲ್ಲ. ಹುಡುಕುವಾಗ ಕನ್ನಡದಿಂದ ನೀವೇ ಇಂಗ್ಲಿಷಿಗೆ ತಂದು ಹಾಕಬೇಡಿ, ಇಂಗ್ಲಿಷಿನಲ್ಲಿ ಓಡಾಡುವ ಪಠ್ಯದಿಂದಲೇ ಮೂರು ನಾಲ್ಕು ಪದ ಎತ್ತಿಕೊಳ್ಳಿ.

ಎಲ್ಲ ಪ್ರಶ್ನೆಗೂ ಹೀಗೆ ಖಡಾಖಂಡಿತ ಉತ್ತರ ಸಿಗುವುದಿಲ್ಲ. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಶ್ರೀಮತಿ ಬಿಕ್ಸ್‌ಬಿ ಅವರಿಗೆ 1864ರ ನವೆಂಬರ್‌ನಲ್ಲಿ ಹೋದ ಸಾಂತ್ವನದ ಪತ್ರ ಬಹಳ ಹೆಸರುವಾಸಿ. ಪತ್ರ ಹೋದದ್ದು ನಿಜ, ಪತ್ರಿಕೆಯಲ್ಲಿ ಅಚ್ಚಾದದ್ದೂ ನಿಜ. ಆದರೆ ಮೂಲ ಪ್ರತಿ ಕಾಣೆ, ಅದನ್ನು ಬರೆದವರು ಲಿಂಕನ್ನೋ ಜಾನ್ ಹೇಯೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಓದುವ ಹುಡುಗರಿಗೆ ಲಿಂಕನ್ ಹೇಳಿದ ಮಾತೇ ಬೇಕು ಅಂದರೆ ಅಸಲಿದೇ ಇದೆಯಲ್ಲ. ಮಗ ರಾಬರ್ಟ್‌ಗೆ 1859ರಲ್ಲಿ ಹಾರ್ವರ್ಡ್ ಪ್ರವೇಶ ಸಿಕ್ಕಿರಲಿಲ್ಲ, ಒಂದು ವರ್ಷ ಬೇರೆ ಕಡೆ ಓದಿ ಆಮೇಲೆ ಸೇರಿದ. ಮರುವರ್ಷ ಅವನ ಗೆಳೆಯ ಜಾರ್ಜ್ ಲೇಥಮ್ ಅದೇ ಪರೀಕ್ಷೆಯಲ್ಲಿ ಫೇಲಾದ. 1860ರ ಜುಲೈ 22, ಲಿಂಕನ್ ಅಧ್ಯಕ್ಷ ಪದವಿಗೆ ಅಭ್ಯರ್ಥಿ, ಮೈತುಂಬ ಕೆಲಸ. ಆದರೂ ಕೂತು ಆ ಹುಡುಗನಿಗೆ ಬರೆದರು. ನೀನು ಫೇಲಾದೆ ಅಂತ ತಿಳಿದು ಇಷ್ಟು ನೋವು ಜೀವನದಲ್ಲಿ ಆಗಿದ್ದೇ ಅಪರೂಪ. ನೀನು ಸೇರಬಲ್ಲೆ, ಮುಗಿಸಲೂ ಬಲ್ಲೆ. ಕೈ ಹಾಕಿದ ಮೇಲೆ ಗೆಲ್ಲಲೇಬೇಕು. ಬ್ಯಾಸ್ಲರ್‌ನ ನಾಲ್ಕನೇ ಸಂಪುಟದಲ್ಲಿದೆ. ಶಾಲೆಯ ಗೋಡೆಗೆ ಹಾಕುವುದಾದರೆ ಇದನ್ನು ಹಾಕಲಿ.

ಉಳಿಸಿಕೊಳ್ಳುವುದು, ಬಳಸುವುದು

ದಾಖಲೆಯ ಪಕ್ಕದಲ್ಲೇ ಡೌನ್‌ಲೋಡ್ ಇದೆ. ಓದಲು ಜೆಪೆಗ್ ಸಾಕು. ಟಿಫ್ ಕಡತ ತುಂಬ ದೊಡ್ಡದು, ಅಚ್ಚು ಹಾಕಿಸುವವರಿಗೆ ಮಾತ್ರ. ಕಡತಕ್ಕೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಮೊದಲು ಹಾಕಿ, ಆಮೇಲೆ ಬರೆದವರ ಹೆಸರು. ಕಂಪ್ಯೂಟರ್ ತಾನೇ ತಾರೀಖಿನ ಪ್ರಕಾರ ಜೋಡಿಸುತ್ತದೆ. ಸರಣಿಯ ಸಂಖ್ಯೆ, ಪೂರ್ತಿ ಶೀರ್ಷಿಕೆ, ಲಿಂಕು ಮೂರನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ. ಲೇಖನದಲ್ಲಿ ಬಳಸಿದರೆ ಲೈಬ್ರರಿಯ ಹೆಸರು, ಸಂಗ್ರಹದ ಹೆಸರು ಕೊಡುವುದು ಮರ್ಯಾದೆ.

ಕೈಬರಹ ಓದುವ ರುಚಿ ಹತ್ತಿದವರಿಗೆ ಲೈಬ್ರರಿಯದೇ ‘ಬೈ ದಿ ಪೀಪಲ್’ ಅನ್ನುವ ಯೋಜನೆ ಇದೆ. 2018ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಮೊದಲು ಕೈಗೆತ್ತಿಕೊಂಡವುಗಳಲ್ಲಿ ಲಿಂಕನ್‌ಗೆ ಬಂದ ಪತ್ರಗಳೂ ಇದ್ದವು. ಹಳೇ ಹಾಳೆ ನೋಡಿ ಟೈಪ್ ಮಾಡುವ ಕೆಲಸ, ಎಲ್ಲಿಂದ ಬೇಕಾದರೂ ಮಾಡಬಹುದು. ಬರೆದವರ ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ ಟೈಪ್ ಮಾಡಬೇಕು, ತಿದ್ದಬಾರದು. ಬೇರೆಯವರು ಟೈಪ್ ಮಾಡಿದ್ದನ್ನು ಪರಿಶೀಲಿಸಲು ಮಾತ್ರ ಖಾತೆ ತೆರೆಯಬೇಕು.

ಅಮೆರಿಕದಲ್ಲಿ ಇರುವವರು, ಮಕ್ಕಳ ಮನೆಗೆ ಹೋಗುವವರು ವಾಷಿಂಗ್ಟನ್ನಿಗೆ ಹೋದಾಗ ಲೈಬ್ರರಿಯ ಮ್ಯಾಡಿಸನ್ ಕಟ್ಟಡದಲ್ಲಿರುವ ಹಸ್ತಪ್ರತಿ ವಾಚನಾಲಯಕ್ಕೂ ಹೋಗಬಹುದು. ಫೋಟೋ ಇರುವ ಗುರುತಿನ ಚೀಟಿ ತೋರಿಸಿದರೆ ಓದುಗರ ಕಾರ್ಡ್ ಪುಕ್ಕಟೆ ಮಾಡಿಕೊಡುತ್ತಾರೆ. ಲಿಂಕನ್ ಮೂಲ ಹಾಳೆಗಳೇ ಕೈಗೆ ಸಿಗುತ್ತವೆ ಅಂತ ಹೋಗಬೇಡಿ, ಆನ್‌ಲೈನ್ ಇರುವುದನ್ನು ಆನ್‌ಲೈನಿನಲ್ಲೇ ನೋಡಿ ಅನ್ನುತ್ತಾರೆ. ಆದರೆ ಆನ್‌ಲೈನ್ ಬರದ ಬೇರೆ ಎಷ್ಟೋ ಜನರ ಪೆಟ್ಟಿಗೆಗಳು ಅಲ್ಲಿವೆ. ಯಾವ ಪೆಟ್ಟಿಗೆ ಬೇಕು ಅಂತ ಮನೆಯಲ್ಲೇ ಪಟ್ಟಿ ನೋಡಿ ಗುರುತು ಮಾಡಿಕೊಂಡು, ಹೋಗುವ ಮುಂಚೆ ಅಲ್ಲಿನವರಿಗೆ ಒಂದು ಇಮೇಲ್ ಹಾಕಿ.